ಅಡುಗೆಮನೆಯಿಂದ ಬೀದಿಗೆ ಚಾಚಿದ ಹಾಯಿಕಂಬ

ಸಮುದ್ರದ ದಂಡೆಯಲ್ಲಿ ಹುಟ್ಟಿದವರಿಗೆ ದೋಣಿಯ ಹುಚ್ಚು ಇರುವುದಿಲ್ಲ. ಅವರಿಗೆ ಅದು ನಮ್ಮ ಕಡೆಯ ಎಮ್ಮೆ ಇದ್ದ ಹಾಗೆ. ಕಟ್ಟಬೇಕು, ತೊಳೆಯಬೇಕು, ಹೇಳಿದ ಮಾತು ಕೇಳದಿದ್ದರೆ ಬೈಯಬೇಕು. ಹುಚ್ಚು ಹಿಡಿಯುವುದೇನಿದ್ದರೂ ನನ್ನಂಥವರಿಗೆ. ವಿಜಯಪುರದ ಎರೆ ಹೊಲಗಳ ನಡುವೆ ಬೆಳೆದ ನಾನು ಮೊದಲ ಸಲ ಹಾಯಿದೋಣಿ ಕಂಡದ್ದು ಗೋವಾಕ್ಕೆ ಕೆಲಸಕ್ಕೆಂದು ಬಂದ ಮೇಲೆ, ಜುವಾರಿ ಸೇತುವೆಯ ಮೇಲೆ, ಕಂಪನಿ ಬಸ್ಸಿನ ಕಿಟಕಿಯಿಂದ. ವೆರ್ಣಾದ ಒಂದು ಕಾರ್ಖಾನೆಯಲ್ಲಿ ನಾನು ಫಿಟ್ಟರ್. ದಿನವಿಡೀ ಬಡಬಡಿಸುವ ಯಂತ್ರಗಳ ಹೊಟ್ಟೆಯೊಳಗೆ ಕೈ ಹಾಕುವವನಿಗೆ, ಎಂಜಿನ್ನೂ ಇಲ್ಲದೆ ಸದ್ದೂ ಇಲ್ಲದೆ ಒಂದು ವಾಹನ ತನ್ನ ಪಾಡಿಗೆ ಹೋಗುತ್ತದೆಂಬುದೇ ನಂಬಲಾಗದ ಸುಖವೆನಿಸಿತು. ಅಂಥದ್ದೊಂದು ನನಗೂ ಬೇಕೆನಿಸಿತು. ಕೊಳ್ಳುವ ಮಾತು ದೂರ, ಕಟ್ಟಿಬಿಡೋಣ ಎಂದುಕೊಂಡೆ.

ಮೊಬೈಲಿನಲ್ಲಿ ದೋಣಿ ಕಟ್ಟಿ ತೋರಿಸುವವರೆಲ್ಲ ನಗುನಗುತ್ತಲೇ ಕಟ್ಟುತ್ತಾರೆ. ಅವರ ಹೆಂಡಂದಿರು ನಡುನಡುವೆ ಕಾಫಿ ತಂದುಕೊಡುತ್ತಾರೆ. ನನ್ನ ಹೆಂಡತಿ ಕಸ್ತೂರಿ ಮೊದಲ ದಿನ ಅಂಗಳಕ್ಕೆ ಬಂದ ಹಲಗೆಗಳನ್ನು ನೋಡಿ, "ಚಲೋ ಆತು ಬಿಡ್ರಿ, ಒಲಿಗೆ ಕಟಿಗಿ ಸಿಕ್ಕಂಗಾತು" ಎಂದಳು. ಅವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವವಳು. ಸಂಜೆ ಶಿಫ್ಟ್ ಮುಗಿಸಿ ಬರುವ ನಮ್ಮ ಕಡೆಯ ಹುಡುಗರೆಲ್ಲ ಅವಳ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ಆದ್ದರಿಂದ ಕಟ್ಟಿಗೆಯ ಬಗ್ಗೆ ಅವಳದ್ದು ಬೇರೆಯೇ ದೃಷ್ಟಿ.

ಹೇಗೋ ದೋಣಿಯ ಒಡಲು ಸಿದ್ಧವಾಯಿತು. ಬೋರಲು ಮಲಗಿದ್ದಾಗ ಅದರ ಕೆಳಗೆ ನಮ್ಮ ಮನೆಯೊಡತಿ ಫಿಲೋಮಿನಾಬಾಯಿಯ ಕೋಳಿಗಳು ಮೊಟ್ಟೆಯಿಟ್ಟು ಮರಿಯನ್ನೂ ಮಾಡಿದವು. ಹಾಗಾಗಿ ಆಕೆ ನನ್ನ ಸಾಹಸದ ಬಗ್ಗೆ ಬಹುಕಾಲ ಪ್ರಸನ್ನಳಾಗಿಯೇ ಇದ್ದಳು. ಆದರೆ ತನ್ನ ಮಗಳ ಮದುವೆ ನಿಶ್ಚಯವಾದದ್ದೇ ತಡ, ಕ್ರಿಸ್‌ಮಸ್ ಮುಗಿಯುತ್ತಲೇ ಅಂಗಳದಲ್ಲಿ ಚಪ್ಪರ ಹಾಕಬೇಕು, ಅಷ್ಟರೊಳಗೆ ದೋಣಿ ನೀರಿನಲ್ಲಿರಬೇಕು, ಇಲ್ಲವೆಂದರೆ ಅದರಲ್ಲೇ ಮಣ್ಣು ತುಂಬಿ ಹೂವಿನ ಗಿಡ ನೆಡುತ್ತೇನೆ ಎಂದುಬಿಟ್ಟಳು. ಕೊಂಕಣಿಯಲ್ಲಿ ಹೇಳಿದ ಮಾತಾದರೂ ನನಗೆ ಒಂದಕ್ಷರವೂ ಬಿಡದೆ ಅರ್ಥವಾಯಿತು.

ಉಳಿದಿದ್ದದ್ದು ಎರಡು ಹಾಯಿಕಂಬಗಳು. ಹಿಂದಿನ ಗಿಡ್ಡ ಕಂಬ ಅಂಗಳದಲ್ಲೇ ಮುಗಿಯಿತು. ತೊಂದರೆ ಕೊಟ್ಟದ್ದು ಮುಂದಿನ ದೊಡ್ಡದು. ಬಂದರಿನ ಕಡೆ ಟೆಂಪೊ ಓಡಿಸುವ ಗೆಳೆಯ ಮೌಲಾಸಾಬ, ಯಾವುದೋ ಯಂತ್ರ ಬಂದಿದ್ದ ಭಾರೀ ಪೆಟ್ಟಿಗೆಗಳ ಪೈನ್ ಹಲಗೆಗಳನ್ನು ತಂದುಕೊಟ್ಟಿದ್ದ. ಹಲಗೆಯ ತುದಿಗಳನ್ನು ಓರೆಯಾಗಿ ಸವರಿ, ಒಂದರ ಮೇಲೊಂದು ಕೂಡಿಸಿ, ಅಂಟು ಹಾಕಿ ಉದ್ದ ಮಾಡಬೇಕು. ಅಷ್ಟುದ್ದದ ಜಾಗ ಅಂಗಳದಲ್ಲಿ ಉಳಿದಿರಲಿಲ್ಲ. ಕೊನೆಗೆ ಅಡುಗೆಮನೆಯ ಒಲೆಯ ಪಕ್ಕದಿಂದ ಶುರುವಾಗಿ, ಪಡಸಾಲೆ ದಾಟಿ, ಮುಂಬಾಗಿಲಿನಿಂದ ಹೊರಬಿದ್ದು, ಬೀದಿಗೆ ಒಂದಿಷ್ಟು ಮೂತಿ ಚಾಚಿದಂತೆ ಹಲಗೆಗಳನ್ನು ಜೋಡಿಸಿಟ್ಟೆ. ಬಾಗಿಲು ಮುಚ್ಚುವಂತಿಲ್ಲ. ಓಣಿಯ ಬೆಕ್ಕುಗಳು ಹಲಗೆಯ ಮೇಲೆ ನಡೆದುಕೊಂಡೇ ನೇರವಾಗಿ ಅಡುಗೆಮನೆ ತಲುಪತೊಡಗಿದವು.

"ಊರಾಗಿನ ಬೆಕ್ಕಿಗೆಲ್ಲಾ ರಸ್ತಾ ಮಾಡಿಕೊಟ್ರಿ" ಎಂದಳು ಕಸ್ತೂರಿ. "ಇದನ್ನ ಯಾವಾಗ ಎತ್ತತೀರಿ?"

"ಅಂಟು ಹಚ್ಚಿದ ಮ್ಯಾಲೆ ಎತ್ತೂದ."

"ಹಂಗಾರ ಇವತ್ತ ಹಚ್ರಿ."

ಹಚ್ಚಿದೆ. ಆ ಅಂಟಿನ ಸ್ವಭಾವ ನನಗೆ ಪೂರ್ತಿ ತಿಳಿದಿರಲಿಲ್ಲ. ಸೆಕೆ ಜೋರಿದ್ದರೆ ಗಟ್ಟಿಯಾಗಲು ಅದಕ್ಕೆ ವಿಪರೀತ ಅವಸರ. ಅರ್ಧ ಹಚ್ಚುವಷ್ಟರಲ್ಲಿ ಬೋಗುಣಿಯೊಳಗಿನ ಅಂಟು ಬಿಸಿಯಾಗಿ ಹೊಗೆಯಾಡತೊಡಗಿತು. ಹಲಗೆಗಳನ್ನು ಬಿಗಿಹಿಡಿಯುವ ಶಿಕಂಜಿಗಳು ಒಂದು ಮಾರು ಉದ್ದಕ್ಕೇ ಮುಗಿದುಹೋದವು. ಉಳಿದ ಜೋಡಣೆ ನನ್ನ ಕಣ್ಣೆದುರೇ ಬಾಯಿ ಬಿಡತೊಡಗಿತು. ಇಷ್ಟು ತಿಂಗಳ ಕನಸು ಹೀಗೆ ಅಡುಗೆಮನೆಯ ನೆಲದಲ್ಲಿ ಸೀಳಿಹೋಗುತ್ತದಲ್ಲ ಎಂದು ಎರಡೂ ಕೈಯಲ್ಲಿ ಅದನ್ನು ಅಮುಕಿ ಹಿಡಿದೆ. "ಹಿಡೀರಿ, ಹಿಡೀರಿ!" ಎಂದು ಯಾರಿಗೆಂದಿಲ್ಲದೆ ಕೂಗಿದೆ.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ರೊಟ್ಟಿಯ ಗಿರಾಕಿಗಳು ಸಾಲು ನಿಂತಿದ್ದರು. ಕಸ್ತೂರಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಏನ್ ನೋಡ್ಕೋತ ನಿಂತೀರಿ? ಒಬ್ಬೊಬ್ರು ಒಂದೊಂದು ಕಡೆ ಗಟ್ಟಿ ಹಿಡೀರಿ. ಹಿಡದವರಿಗಷ್ಟ ಇವತ್ತು ರೊಟ್ಟಿ!"

ಹಸಿದ ಜನರಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿಲ್ಲ. ಒಲೆಯಿಂದ ಬೀದಿಯವರೆಗೆ ಎಲ್ಲರೂ ಸಾಲಾಗಿ ಕುಕ್ಕರಗಾಲಲ್ಲಿ ಕೂತು ಹಲಗೆಯನ್ನು ಒತ್ತಿ ಹಿಡಿದರು. ಸಾಲಿನಲ್ಲಿದ್ದ ಮೌಲಾಸಾಬ ಹಳೆಯ ಸೈಕಲ್ ಟ್ಯೂಬುಗಳನ್ನು ಪಟ್ಟಿಯಾಗಿ ಕೊಯ್ದು, ಕಂಬದ ಈ ತುದಿಯಿಂದ ಆ ತುದಿಯವರೆಗೆ ಎಳೆದೆಳೆದು ಸುತ್ತುತ್ತಾ ಬಂದ. ಸುತ್ತಿದಲ್ಲೆಲ್ಲ ಜೋಡಣೆ ಬಾಯಿ ಮುಚ್ಚಿತು. "ಇನ್ನ ಬಿಡ್ಲೇನ್ರೀ?" ಎಂದು ಒಬ್ಬ ಕೇಳಿದರೆ, "ಒಂಚೂರು ತಡಿಯಪಾ, ನಿನ್ನ ಪಾಳಿ ಬರ್ತೈತಿ" ಎಂದ ಮೌಲಾಸಾಬ. ಕಸ್ತೂರಿ ಎಲ್ಲರ ಬಿಡುವಿದ್ದ ಕೈಗೆ ಎಣ್ಣೆಗಾಯಿ ಸುತ್ತಿದ ರೊಟ್ಟಿ ಕೊಡುತ್ತಾ ಹೋದಳು. ನನಗೆ ಮಾತ್ರ ಕೊಡಲಿಲ್ಲ. ನನ್ನ ಎರಡೂ ಕೈಗಳು ಕಂಬಕ್ಕೆ ಅಂಟಿದ್ದವು.

ಅಂಟು ಒಣಗಿದ ಮೇಲೆ ಟ್ಯೂಬು ಬಿಚ್ಚಲು ನನಗೆ ಧೈರ್ಯವೇ ಬರಲಿಲ್ಲ. ಮೌಲಾಸಾಬನೇ ಬಿಚ್ಚಿದ. ಎರಡೂ ತುದಿಗೆ ಸ್ಟೂಲು ಕೊಟ್ಟು, ಯಾರಾದರೂ ನಡುವೆ ಕೂತು ಪರೀಕ್ಷಿಸಬೇಕೆಂದೆವು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಕಸ್ತೂರಿ ಸೀರೆ ಸರಿಮಾಡಿಕೊಂಡು ಕೂತೇಬಿಟ್ಟಳು. ಕಂಬ ಮೆಲ್ಲಗೆ ಬಾಗಿತು, ಮತ್ತೆ ಮೇಲೆದ್ದಿತು. ಎಲ್ಲೂ ಚಿಟ್ಟೆನ್ನುವ ಸದ್ದಿಲ್ಲ. "ಅಯ್ಯ, ಜೋಕಾಲಿ ಆಗೇತಲ್ರೀ!" ಎಂದು ಅವಳು ನಕ್ಕ ನಗುವಿಗೆ ಫಿಲೋಮಿನಾಬಾಯಿ ಕೂಡ ಬಂದು ಇಣುಕಿದಳು. ಆಮೇಲೆ ಚೌಕದ ಕಂಬದ ಮೂಲೆಗಳನ್ನು ಕೀಸುಳಿಯಲ್ಲಿ ಹೆರೆದು ಹೆರೆದು ದುಂಡಗೆ ಮಾಡಿದೆ. ಹೆರೆದ ಸುರುಳಿಗಳೆಲ್ಲ ಒಲೆಗೆ ಹೋದವು. ಸಂಜೆಯ ಹೊತ್ತು ಅವಳು ನೀಲಿ ತಾಡಪತ್ರಿಯ ಹಾಯಿಗೆ ಅಂಚು ಹೊಲಿಯುತ್ತಾ ಕೂರುತ್ತಿದ್ದಳು. ಹೊಲಿ ಎಂದು ನಾನು ಹೇಳಿರಲಿಲ್ಲ.

ಚಪ್ಪರದ ಬಿದಿರು ಬಂದಿಳಿದ ದಿನವೇ ದೋಣಿಯನ್ನು ಮೌಲಾಸಾಬನ ಟೆಂಪೊದಲ್ಲಿ ಹೊಳೆಯ ದಂಡೆಗೆ ಒಯ್ದು ಕಂಬಗಳನ್ನು ನಿಲ್ಲಿಸಿದೆವು. ಕಸ್ತೂರಿ ಕಾಯಿ ಒಡೆದಳು. ಫಿಲೋಮಿನಾಬಾಯಿ ಶಿಲುಬೆಯ ಗುರುತು ಮಾಡಿದಳು. ಮೌಲಾಸಾಬ ಬಿಸ್ಮಿಲ್ಲಾ ಎಂದು ತಳ್ಳಿದ. ಎಲ್ಲ ದೇವರ ಕಡೆಯಿಂದಲೂ ಬಂದೋಬಸ್ತು ಆದ ಮೇಲೆ ದೋಣಿ ಮುಳುಗಿದರೆ ತಪ್ಪು ಯಾರದೆಂಬ ಬಗ್ಗೆ ಅನುಮಾನವೇ ಉಳಿಯಲಿಲ್ಲ. ಮುನ್ನೆಚ್ಚರಿಕೆಯಾಗಿ ನಾನು ಒಂದರ ಮೇಲೊಂದು ಎರಡು ಲೈಫ್ ಜಾಕೆಟ್ ತೊಟ್ಟಿದ್ದೆ.

"ಒಂದು ಇಲ್ಲೆ ಕೊಡ್ರಿ" ಎಂದು ಕೈ ಚಾಚಿದಳು ಕಸ್ತೂರಿ.

"ನೀ ಬರ್ತೀ?"

"ಮತ್ತ? ಹಾಯಿ ಹೊಲದದ್ದು ನಾನು."

ದೋಣಿ ತೇಲಿತು! ಒಂದು ಹನಿ ನೀರೂ ಒಳಬರಲಿಲ್ಲ. ಆದರೆ ಅಲ್ಲಿ ಅಲುಗಾಡದೆ ನಿಂತದ್ದು ನನ್ನ ಕಣ್ಣಿಗೆ ಒಂದೇ ಒಂದು ವಸ್ತು: ದೊಡ್ಡ ಕಂಬ. ಅದನ್ನು ಎರಡೂ ಕೈಗಳಿಂದ ತಬ್ಬಿಕೊಂಡೆ. ದಂಡೆಯಿಂದ ಜನ "ಹಾಯಿ ಏರಸ್ರಿ! ಹಾಯಿ!" ಎಂದು ಕೂಗುತ್ತಿದ್ದರು. ಚುಕ್ಕಾಣಿ ಹಿಡಿದು ಆರಾಮಾಗಿ ಕೂತಿದ್ದ ಕಸ್ತೂರಿ ನನ್ನ ಕಡೆ ಬಾಗಿದಳು.

"ರೀ," ಎಂದಳು ಮೆಲ್ಲಗೆ, ದಂಡೆಯವರಿಗೆ ಕೇಳಿಸದಂತೆ, "ಅದನ್ನ ಬಿಟ್ರ ಹಾಯಿ ಏರಸಾಕ ಬರ್ತೈತಿ."

ಕಂಬ ಎಷ್ಟು ಗಟ್ಟಿಯಿದೆಯೆಂದು ಪರೀಕ್ಷಿಸುತ್ತಿದ್ದೇನೆ ಎಂದೆ. ಆಮೇಲೆ, ಮೊದಲು ಎಡಗೈ ಬಿಟ್ಟೆ.