ಹನ್ನೊಂದು ಲೀಟರ್ ಬರಬೇಕು

ನವನೀತನ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ನಾಲ್ಕು ವರ್ಷದಿಂದ ಯಾರೂ ಕೆರೆಯದ ಮಂಜುಗಡ್ಡೆ ಇತ್ತು. ತಾಪತ್ರಯಕ್ಕೆ ಅಷ್ಟೇ ಸಾಕಾಯಿತು.

ಪಂಪು ಮಾರುವ ಕಂಪನಿಗಾಗಿ ಬಿಸಿಲಲ್ಲಿ ಸೈಟು ಸುತ್ತುವ ಅವನು, ಆಫೀಸಿನೊಳಗೆ ಒಂದು ಕುರ್ಚಿ ಸಿಗಲೆಂದು ನದಿನೀರಿನ ಲೆಕ್ಕ ಕಲಿಸುವ ಆನ್‌ಲೈನ್ ಸಂಜೆ ತರಗತಿ ಸೇರಿದ್ದ. ಕೊನೆಯ ಪ್ರಯೋಗ: ಬೆಟ್ಟದ ಹಿಮ ಕರಗಿದರೆ ನದಿಗೆ ಎಷ್ಟು ನೀರು, ಎಷ್ಟು ಹೊತ್ತಿಗೆ ಬರುತ್ತದೆಂದು ಮೊದಲೇ ಲೆಕ್ಕ ಹಾಕಿ, ಆಮೇಲೆ ಅಳೆಯಬೇಕು. ಬಹ್ರೇನಿನಲ್ಲಿ ಬೆಟ್ಟದ ಹಿಮವೆಲ್ಲಿ, ನದಿಯೆಲ್ಲಿ? “ಫ್ರೀಜರ್ ಆದರೂ ಸರಿ. ಶುಕ್ರವಾರ ಐದರೊಳಗೆ ಕಳಿಸದಿದ್ದರೆ ಫೇಲು” ಎಂದಿದ್ದರು ಮೇಷ್ಟ್ರು.

ಶುಕ್ರವಾರ ಬೆಳಿಗ್ಗೆ ಗಡ್ಡೆಯ ದಪ್ಪ ಅಳೆದ. ಮೂರು ಸಲ ಲೆಕ್ಕ ಮಾಡಿದ, ಮೂರು ಸಲವೂ ತನ್ನ ಮೇಲೇ ಅನುಮಾನಪಟ್ಟ. ಕೊನೆಗೆ ಸ್ವಿಚ್ಚು ಆರಿಸಿ, ನೀರು ಇಳಿಯುವಲ್ಲಿ ಬಕೆಟ್ ಇಟ್ಟು ಚೀಟಿ ಅಂಟಿಸಿದ: “ನಾಲ್ಕು ಗಂಟೆಗೆ ೧೧ ಲೀಟರ್ ಬರಬೇಕು.”

ಮಧ್ಯಾಹ್ನ ಕೆಳಗಿನ ಕೋಲ್ಡ್ ಸ್ಟೋರ್ ಅಂಗಡಿಯ ಯೂಸುಫಾಕ ಓಡಿ ಬಂದರು. “ಎಂತ ಮಾರಾಯ, ಮನೆಯಲ್ಲೇ ಕಾಶ್ಮೀರ ಇಟ್ಟಿದ್ದೀಯಾ? ನನ್ನ ಫ್ರೀಜರ್ ಕೆಟ್ಟಿದೆ. ಬಂಗುಡೆ ಮೀನೆಲ್ಲ ಹಾಳಾಗ್ತದೆ. ನೀನು ಐಸ್ ಕಲಿತವನಲ್ವಾ, ಬಾ!”

“ನಾನು ಕಲಿಯುವುದು ನದಿ, ಯೂಸುಫಾಕ!”

ಯಾರು ಕೇಳುತ್ತಾರೆ? ಪಕ್ಕದ ಮನೆಯ ಕ್ಲಾರಾಬಾಯಿಗೆ “ಸ್ವಲ್ಪ ನೋಡ್ಕೊಳ್ಳಿ” ಎಂದು ಹೇಳಿ, ಕಟುಕನ ಹಿಂದಿನ ಆಡಿನಂತೆ ಹೊರಟ. ಯೂಸುಫಾಕ ಅವನನ್ನು ಗಲ್ಲಾದಲ್ಲಿ ಕೂರಿಸಿ, “ಈಗ ಬಂದೆ” ಎಂದು ಹೋದವರು ಗೋಣಿಯಲ್ಲಿ ಐಸು ಹೊತ್ತು ತಂದರು. ಅದನ್ನು ಬಂಗುಡೆಯ ಮೇಲೆ ಹರಡುವ ಕೆಲಸವೂ ನವನೀತನಿಗೇ ಬಂತು. ಕರಗಿದ ನೀರು ಅವನ ಚಪ್ಪಲಿ ತೋಯಿಸಿ ಮೋರಿಗೆ ಹರಿಯಿತು.

ನಾಲ್ಕಕ್ಕೆ ಏದುಸಿರು ಬಿಡುತ್ತ ಮೇಲೆ ಬಂದು ನೋಡಿದರೆ, ಬಕೆಟ್‌ನಲ್ಲಿ ಸರಿಯಾಗಿ ಹನ್ನೊಂದು ಲೀಟರ್! ಜೀವನದಲ್ಲಿ ಮೊದಲ ಬಾರಿ ಅವನ ಲೆಕ್ಕ ಹೊಂದಿತ್ತು. ಕೂಡಲೇ ಫೋಟೊ ಕಳಿಸಿದ. “ಅದ್ಭುತ! ಪಾಸು!” ಎಂದು ಮೇಷ್ಟ್ರ ಉತ್ತರ ಬಂತು.

“ಸರಿಯಾಯ್ತಲ್ಲ ಮಗಾ?” ಕ್ಲಾರಾಬಾಯಿ ಕೈ ಒರೆಸುತ್ತ ಬಂದರು. “ಅರ್ಧ ಗಡ್ಡೆ ಯೂಸುಫ್ ಮೀನಿಗೆ ಅಂತ ಕೊಂಡುಹೋದ್ರು. ಬಂದದ್ದು ಬರೇ ಆರು ಲೀಟರ್. ನೀನು ಹನ್ನೊಂದು ‘ಬರಬೇಕು’ ಅಂತ ಬರೆದಿದ್ದೆ. ಬರದಿದ್ರೆ ನಿನಗೆ ಬೈತಾರೆ ಅಂತ ನಲ್ಲಿಯಿಂದ ಐದು ಹಾಕಿದೆ.”

ನವನೀತ ಮತ್ತೆ ಫೋನು ಎತ್ತಿಕೊಂಡ. ಸುಳ್ಳು ಅವನಿಗೆ ಅರಗುವುದಿಲ್ಲ, ನಿಜ ಬರೆದ. “ಪ್ರಾಮಾಣಿಕತೆ ಮೆಚ್ಚಿದೆ. ಪಾಸು ರದ್ದು. ಇನ್ನೊಮ್ಮೆ ಮಾಡಿ” ಎಂದರು ಮೇಷ್ಟ್ರು.

ಫ್ರೀಜರ್ ತೆರೆದ. ಒಳಗೆ ಬೋಳುತಲೆಯ ಹೊಳಪು.

“ಇನ್ನು ಹಿಮ ಯಾವಾಗ?” ಎಂದರು ಕ್ಲಾರಾಬಾಯಿ.

“ನಾಲ್ಕು ವರ್ಷಕ್ಕೆ ಬರಬೇಕು.” ಅಂದವನೇ ಗಾಬರಿಯಿಂದ ಅವರತ್ತ ತಿರುಗಿದ. “ಬರಬೇಕು ಅಂದ್ರೆ ಅದು ತಾನಾಗೇ ಬರಬೇಕು ಬಾಯಿ. ದಮ್ಮಯ್ಯ, ನೀವು ತಂದು ಹಾಕ್ಬೇಡಿ!”