ಬೀಳಲೊಲ್ಲದ ರೋಮಿನ ದೇವರು

ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಬೇಕಂತೆ. ಹಾಗೆ ಹೇಳಿದವರು ನಮ್ಮ ಇನ್ನಾಸಪ್ಪ ಮೇಷ್ಟ್ರ ಕೈಕೆಳಗೆ ನಾಟಕ ಮಾಡಿದವರಲ್ಲ. ನಾನು ಎರಡು ವರ್ಷದಿಂದ ಎಣಿಸುತ್ತಿದ್ದೇನೆ, ಇನ್ನೂ ಇಳಿದಿಲ್ಲ.

ಶೆಟ್ಟಿಹಳ್ಳಿ ಕಡೆಯ ಒಂದು ಚರ್ಚಿನ ಹಬ್ಬಕ್ಕೆ ಮೇಷ್ಟ್ರು ಪ್ರತಿವರ್ಷ ಒಂದೇ ನಾಟಕ ಆಡಿಸುತ್ತಾರೆ. ಐನೂರು ವರ್ಷದ ಹಿಂದೆ ಯುರೋಪಿನ ಚರ್ಚಿನಂಗಳದಲ್ಲಿ ಆಡುತ್ತಿದ್ದದ್ದನ್ನು ಯಾವುದೋ ಕಾಲದ ಪಾದ್ರಿಯೊಬ್ಬರು ಕನ್ನಡಕ್ಕೆ ತಂದದ್ದು. ರೋಮಿನ ಚಕ್ರವರ್ತಿ ತನ್ನ ದೇವರ ವಿಗ್ರಹಕ್ಕೆ ಕೈಮುಗಿ ಎನ್ನುತ್ತಾನೆ. ಕ್ರೈಸ್ತ ಹುಡುಗಿ ಒಲ್ಲೆ ಎನ್ನುತ್ತಾಳೆ. ಅವಳು ಪ್ರಾರ್ಥಿಸಿದೊಡನೆ ವಿಗ್ರಹ ಅರಚಿ, ಹತ್ತು ಸಾಲು ಗೋಳಾಡಿ, ದೊಪ್ಪನೆ ಬೀಳುತ್ತದೆ. ಆಮೇಲೆ ಅವಳ ತಲೆ ತೆಗೆಯುತ್ತಾರೆ. ಆ ವಿಗ್ರಹ ನಾನು. ನಮ್ಮದು ಹನುಮಂತರಾಯನ ಒಕ್ಕಲು, ಚರ್ಚಿಗೂ ನನಗೂ ಸಂಬಂಧವಿಲ್ಲ. ಆದರೆ ಬಸ್ ಕಂಡಕ್ಟರಿನಿಂದ ಹಿಡಿದು ನಮ್ಮ ಸೋದರಮಾವನವರೆಗೆ ಯಾರ ದನಿ ಬೇಕಾದರೂ ತೆಗೆಯುತ್ತೇನೆಂದು, ನನ್ನ ಜೊತೆ ಟೈಪಿಂಗ್ ಕಲಿಯುತ್ತಿದ್ದ ಸ್ಟೆಲ್ಲಾ ನನ್ನನ್ನು ಕರೆದೊಯ್ದಳು. ತಲೆ ಕಳೆದುಕೊಳ್ಳುವ ಹುಡುಗಿ ಅವಳೇ.

ಆ ಹತ್ತು ಸಾಲಿಗಾಗಿ ಎರಡು ತಿಂಗಳು ಹೆಸರಘಟ್ಟದ ಬಯಲಲ್ಲಿ ಅರಚಿದ್ದೇನೆ. ದನಗಳು ಮೇವು ಬಿಟ್ಟಿದ್ದವು. ನಾಟಕದ ದಿನ ಮೈಗೆಲ್ಲ ಬೆಳ್ಳಿಬಣ್ಣ ಬಳಿಸಿಕೊಂಡು ನಿಂತಾಗ ಮೇಷ್ಟ್ರು ಬಂದು, ನಿನ್ನ ಮಾತೆಲ್ಲ ತೆಗೆದಿದ್ದೇನೆ ಎಂದರು. "ಸುಮ್ನೆ ಬಿದ್ಬಿಡಪ್ಪ, ಸಾಕು. ನೀನು ಬಾಯಿ ಬಿಟ್ರೆ ನನ್ ದನಿ ಬರುತ್ತೆ." ರಿಹರ್ಸಲಿನಲ್ಲಿ ಒಂದೆರಡು ಸಲ ರೋಮಿನ ದೇವರು ಮೇಷ್ಟ್ರ ಹಾಗೆ ಮೂಗಿನಲ್ಲಿ ಮಾತಾಡಿದ್ದು ನಿಜ. ಎಲ್ಲರೂ ನಕ್ಕಿದ್ದೂ ನಿಜ. ಅದಕ್ಕೆ ಇಂಥ ಶಿಕ್ಷೆಯೇ? ತಲೆ ಹೋಗಬೇಕಾದದ್ದು ಸ್ಟೆಲ್ಲಾಳದು, ನಾಲಿಗೆ ಹೋದದ್ದು ನನ್ನದು.

ಅಷ್ಟರಲ್ಲಿ ಪರದೆ ಎಳೆಯುವ ಮುನಿಯಪ್ಪ ಬಂದ. ಊರೂರಿನ ಪೌರಾಣಿಕ ನಾಟಕಗಳಲ್ಲಿ ಪಳಗಿದವನು. ರಂಗಪೂಜೆಯಾಗದೆ ಹಗ್ಗ ಮುಟ್ಟುವವನಲ್ಲ. ರಂಗದ ಮೇಲೆ ದೇವರು ಅಂತ ಇದ್ದವನು ನಾನೊಬ್ಬನೇ. ತೆಂಗಿನಕಾಯಿ ಒಡೆದು ನನಗೇ ಕರ್ಪೂರ ಬೆಳಗಿದ. "ಪೂಜೆ ತಕ್ಕಂಡಿದೀಯ. ಆಟ ಮುಗಿಯೋಗಂಟ ಅಳ್ಳಾಡಬ್ಯಾಡ," ಎಂದ. ಹುಟ್ಟಿದಾಗಿನಿಂದ ಮನೆಯಲ್ಲಿ ಯಾರೂ ನನಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಅಲ್ಲೇ ತೀರ್ಮಾನವಾಗಿಹೋಯಿತು: ಮಾತಿಲ್ಲವೆಂದರೆ ಬೀಳುವುದೂ ಇಲ್ಲ.

ಸ್ಟೆಲ್ಲಾ ಪ್ರಾರ್ಥಿಸಿದಳು. ನಿಂತೇ ಇದ್ದೆ. ಮತ್ತೆ ಪ್ರಾರ್ಥಿಸಿದಳು. ಚಕ್ರವರ್ತಿ ಕೆಮ್ಮಿದ. ಪರದೆಯ ಮರೆಯಿಂದ ಮೇಷ್ಟ್ರು ನನಗೆ ಕೈಮುಗಿಯುತ್ತಿದ್ದರು. ಅದನ್ನು ನೋಡಿ ನನ್ನ ದೈವತ್ವ ಇನ್ನಷ್ಟು ಏರಿತು. ಸ್ಟೆಲ್ಲಾ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದಳು: "ಬೀಳೋ. ಮುಂದ್ಗಡೆ ನಮ್ಮಜ್ಜಿ ಜಪಸರ ಹಿಡ್ಕೊಂಡು ಕೂತಿದಾರೆ." ನೋಡಿದೆ. ಮೊಮ್ಮಗಳ ಪ್ರಾರ್ಥನೆ ಫಲಿಸಲಿಲ್ಲವೆಂದು ಅಜ್ಜಿ ಜಪಸರವನ್ನು ಮತ್ತೆ ಮೊದಲಿಂದ ಎಣಿಸತೊಡಗಿದ್ದರು. ಬಿದ್ದುಬಿಡೋಣ ಎನಿಸಿತು. ಅಷ್ಟರಲ್ಲಿ ಸ್ಟೆಲ್ಲಾ ನನಗೆ ಬೆನ್ನು ಹಾಕಿ ಚಕ್ರವರ್ತಿಗೆ ಹೇಳಿಯೇಬಿಟ್ಟಳು: "ನೋಡಿ ಪ್ರಭು, ನಿಮ್ಮ ದೇವರಿಗೆ ಬೀಳೋದಕ್ಕೂ ಬರಲ್ಲ."

ಚಪ್ಪಾಳೆ. ಮೊದಲು ತಟ್ಟಿದ್ದೇ ಅಜ್ಜಿ. ಬೀಳದ ದೇವರಿಗೆ ರಂಗದಿಂದ ಹೊರಹೋಗುವ ದಾರಿಯಿಲ್ಲ. ಸೆರೆಮನೆ, ಕೊಡಲಿ, ದೇವದೂತರು, ಎಲ್ಲ ಮುಗಿಯುವವರೆಗೆ ನಿಂತೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂದು ಬೆಳ್ಳಿಬಣ್ಣದ ಮೇಲೆ ಎರಡು ಗೆರೆ ಇಳಿಯಿತು. ಹುಡುಗಿಯ ಸಾವಿಗೆ ವಿಗ್ರಹವೇ ಅತ್ತಿತೆಂದು ಜನ ಮರುಗಿದರು. ಮೇಷ್ಟ್ರು ವಿಗ್ರಹ ಬೀಳದೆ ನಿಂತು ಅಳುವುದನ್ನು ಕೆಂಪು ಶಾಯಿಯಲ್ಲಿ ನಾಟಕದ ಪುಸ್ತಕಕ್ಕೆ ಸೇರಿಸಿಕೊಂಡು, ಮರುವರ್ಷ ನನ್ನ ಪಾತ್ರವನ್ನು ಬೇಕರಿಯ ಡೇವಿಡ್‌ಗೆ ಕೊಟ್ಟರು.

ಬೇಕಂತಲೇ ಹೋಗಿ ಮುಂದಿನ ಸಾಲಿನಲ್ಲಿ, ಸ್ಟೆಲ್ಲಾಳ ಅಜ್ಜಿಯ ಪಕ್ಕ ಕುಳಿತೆ. ಡೇವಿಡ್ ತುಟಿ ಮುಂದೆ ಮಾಡಿ, ಮೂಗಿನ ಹೊಳ್ಳೆ ಅರಳಿಸಿ, ಬೋಂಡ ಸಿಗದ ಮಗುವಿನ ಹಾಗೆ ಕೆನ್ನೆ ಊದಿಸಿಕೊಂಡು ನನ್ನನ್ನೇ ಆಡಿ ತೋರಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಯಾವತ್ತೂ ಹೀಗೆ ನಿಂತವನಲ್ಲ, ಇದು ಶುದ್ಧ ಅವಮಾನ ಎಂದು ಅಜ್ಜಿಗೆ ಹೇಳಿದೆ.

ಅಜ್ಜಿ ರಂಗವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು.

"ಈಗ್ಲೂ ಅಂಗೇ ಇದೀಯಲ್ಲಪ್ಪ."