ಬಾಚಣಿಗೆಯ ಕರೆಂಟು

ಕ್ಷೌರಿಕನ ನಾಲಿಗೆ ಅವನ ಕತ್ತರಿಗಿಂತ ಚುರುಕು. ಆ ಬೆಳಗ್ಗೆ ಅವನನ್ನು ಸಿಕ್ಕಿಸಿದ್ದೂ ಅದೇ.

“ಕರೆಂಟು ನಿನ್ನ ತಂತಿಯಲ್ಲಿ ಮಾತ್ರ ಇರುತ್ತೆ ಅಂದ್ಕೋಬೇಡ. ನನ್ನ ಬಾಚಣಿಗೆಯಲ್ಲೂ ಬರುತ್ತೆ” ಎಂದು, ಅಂಗಡಿಯ ಬಲ್ಬು ಬದಲಿಸುತ್ತಿದ್ದ ಬಾಮೈದನಿಗೆ ಹೇಳಿಬಿಟ್ಟ.

ಬಾಮೈದ ಊರಿಗೆಲ್ಲ ವೈರಿಂಗ್ ಮಾಡುವವನು. ಏಣಿಯ ಮೇಲಿಂದಲೇ ನಕ್ಕ. “ಹಾಗಾದ್ರೆ ಇಲ್ಲಿಗೊಂದು ಬಾಚಣಿಗೇನೇ ನೇತುಹಾಕ್ಲಾ ಭಾವ?”

ಸರದಿಗೆ ಕಾದಿದ್ದ ಮೇಷ್ಟರೂ ದಿನಸಿ ಅಂಗಡಿಯವನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಷೌರಿಕನಿಗೆ ಮೈ ಉರಿಯಿತು. ತನ್ನ ಮದುವೆಯಾದಾಗಿನಿಂದ ಈ ಬಾಮೈದ ತಲೆ ಕೊಟ್ಟಿರುವುದು ಎದುರು ಬೀದಿಯ ಎಸಿ ಸಲೂನಿಗೆ. ಸ್ವಂತ ಭಾವನ ಕೈ ಅವನಿಗೆ ಲೆಕ್ಕಕ್ಕೇ ಇಲ್ಲ!

“ಈಗಲೇ ತೋರಿಸ್ತೀನಿ. ತೋರಿಸಿದ್ರೆ?”

“ಸಾಯೋವರೆಗೂ ನಿಮ್ಮ ಕೈಯಲ್ಲೇ ಕಟಿಂಗು. ಇವರಿಬ್ಬರೂ ಸಾಕ್ಷಿ.”

ಕ್ಷೌರಿಕ ಕಾಗದವನ್ನು ಎಳ್ಳಿನಷ್ಟು ಚೂರು ಮಾಡಿ ಕನ್ನಡಿಯ ಮುಂದೆ ಹರಡಿದ. ಕಟಿಂಗು ಬದಿಗಿಟ್ಟು ದಿನಸಿಯವನ ತಲೆಯನ್ನು ಇಪ್ಪತ್ತು ಸಲ ಬಾಚಿದ. ಬಾಚಣಿಗೆಯಿಂದ ತೊಟ್ಟಿಕ್ಕಿದ್ದು ಎಣ್ಣೆ.

“ಒಂದು ಬತ್ತಿ ಇಡಿ ಭಾವ, ಬೆಳಕಾದ್ರೂ ಬರುತ್ತೆ.”

ಮೇಷ್ಟರದು ಒಣಹುಲ್ಲಿನಂಥ ತಲೆ. ಗೆದ್ದೆ ಎಂದುಕೊಂಡ ಕ್ಷೌರಿಕ. ಆದರೆ ಇಪ್ಪತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ? ತಲೆ ಕಂಡೊಡನೆ ಎಡಗೈ ತಾನಾಗಿಯೇ ಬಾಟಲಿ ಎತ್ತಿ ಪುಸ್ ಪುಸ್ ಎಂದು ನೀರು ಸಿಂಪಡಿಸಿಯಾಗಿತ್ತು.

“ಒದ್ದೆ ತಲೇಲಿ ಬರಲ್ಲಪ್ಪಾ” ಎಂದರು ಮೇಷ್ಟರು.

“ಮೊದಲೇ ಹೇಳ್ಬಾರ್ದಿತ್ತಾ ಸಾರ್?”

“ನೀನು ಕೇಳಿದ್ಯಾ?”

ಕ್ಷೌರಿಕನ ಕಣ್ಣು ಬಾಮೈದನ ದಟ್ಟ ಒಣಗೂದಲಿನ ಮೇಲೆ ನಿಂತಿತು. “ನೀನೇ ಬಾ, ಕೂತ್ಕೋ!”

ಬಾಟಲಿಯನ್ನು ಮೇಷ್ಟರ ಕೈಗೆ ಒಪ್ಪಿಸಿದ. ಬಾಚಣಿಗೆಯನ್ನು ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿ, ಹೊಸ ಚೂರು ಹರಡಿ, ಕುದುರೆಯ ಮೈ ಉಜ್ಜುವಂತೆ ಬಾಚಿದ. ಚಟಚಟ ಸದ್ದಾಯಿತು. ಕೂದಲು ಮುಳ್ಳುಹಂದಿಯಂತೆ ನಿಂತಿತು. ಬಾಚಣಿಗೆ ಹತ್ತಿರ ತಂದದ್ದೇ ತಡ, ಚೂರುಗಳು ಕಾಳು ಕಂಡ ಗುಬ್ಬಿಗಳಂತೆ ಎಗರಿ ಬಂದು ಅಂಟಿಕೊಂಡವು.

“ಭೇಷ್!” ಎಂದರು ಮೇಷ್ಟರು.

ಕ್ಷೌರಿಕನ ಎದೆ ಒಂದು ಗೇಣು ಉಬ್ಬಿತು. ಕತ್ತರಿ ಝಳಪಿಸಿ, “ಈಗ ತಗ್ಗಿಸು ತಲೆ!” ಎಂದ.

ಬಾಮೈದ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ಮೆಲ್ಲಗೆ ಎದ್ದ. ಅವನ ಎದೆ ಎರಡು ಗೇಣು ಉಬ್ಬಿತ್ತು.

“ಮಾತಿಗೆ ತಪ್ಪಲ್ಲ ಭಾವ. ಕತ್ತರಿಸಿದ್ರೆ ನಿಮ್ಮ ಕೈಯಲ್ಲೇ. ಆದ್ರೆ ಇಷ್ಟು ಪವರ್ ಇರೋ ಕೂದಲನ್ನ ಯಾರಾದ್ರೂ ಕತ್ತರಿಸ್ತಾರಾ? ಇನ್ಮೇಲೆ ಬೆಳೆಸೋದೇ!”

“ನಾನೂ ಎಣ್ಣೆ ತೊಳ್ಕೊಂಡು ನೋಡ್ತೀನಿ” ಎಂದು ದಿನಸಿಯವನು ಚಪ್ಪಲಿ ಮೆಟ್ಟಿದ. “ನನ್ನದೂ ಒಣಗಲಿ ತಡಿ, ನೋಡೇಬಿಡೋಣ” ಎಂದು ಮೇಷ್ಟರೂ ಹೊರಟರು.

ಮೂರು ತಲೆಗಳೂ ಹೆಮ್ಮೆಯಿಂದ ಸೆಟೆದುಕೊಂಡು, ಒಂದು ಕೂದಲೂ ಉದುರದಂತೆ ಜೋಪಾನವಾಗಿ ಬೀದಿಗಿಳಿದವು.